ಮದ್ದಿನ ಬಲ, ಸಾಲದ ಬದುಕು: ಸ್ಟೀವ್ ಕೋರ್ಸನ್ ಬಿಟ್ಟುಹೋದ ಪ್ರಶ್ನೆ

ಉದ್ದೀಪನ ಮದ್ದು ಸೇವಿಸಿ ಸ್ಪರ್ಧಿಸುವುದು ತಪ್ಪಲ್ಲ, ಸೇವಿಸಿ ಬಚ್ಚಿಡುವುದಷ್ಟೇ ತಪ್ಪು ಎಂಬ ವಾದ ಈಗ ಬಹಿರಂಗವಾಗಿಯೇ ಕೇಳಿಬರುತ್ತಿದೆ. ಆಸ್ಟ್ರೇಲಿಯಾದ ಉದ್ಯಮಿ ಆರನ್ ಡಿಸೋಜಾ ಹುಟ್ಟುಹಾಕಿದ ‘ಎನ್‌ಹಾನ್ಸ್‌ಡ್ ಗೇಮ್ಸ್’ ಸಂಘಟಕರು 2025ರ ಮೇ ತಿಂಗಳಲ್ಲಿ ತಮ್ಮ ಮೊದಲ ಕೂಟವನ್ನು ಘೋಷಿಸಿದರು. ಸ್ಥಳ ಅಮೆರಿಕದ ಲಾಸ್ ವೇಗಸ್, ಕಾಲ 2026ರ ಮೇ. ಈಜು, ಓಟ, ಭಾರ ಎತ್ತುವಿಕೆ ಎಂಬ ಮೂರು ಕ್ರೀಡೆಗಳಿಗೆ ಉದ್ದೀಪನ ಮದ್ದಿನ ನಿಷೇಧ ಅನ್ವಯಿಸದು ಎಂಬುದೇ ಅದರ ಆಕರ್ಷಣೆ. ಆಯ್ದ ವಿಶ್ವದಾಖಲೆ ಮುರಿದವರಿಗೆ 10 ಲಕ್ಷ ಡಾಲರ್ ಬಹುಮಾನದ ಆಮಿಷವೂ ಅದರೊಂದಿಗಿತ್ತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ‘ವಾಡಾ’, ಈ ಯೋಜನೆಯನ್ನು ಅಪಾಯಕಾರಿ ಎಂದು ಖಂಡಿಸಿತು. ಸಂಘಟಕರ ಉತ್ತರ ಸರಳವಾಗಿತ್ತು. ದೇಹ ಅವರವರದು, ಆಯ್ಕೆಯೂ ಅವರವರದು. ವೈದ್ಯರ ಮೇಲ್ವಿಚಾರಣೆ ಇದ್ದರೆ ಸಾಕು.

ಕೇಳಲು ಈ ವಾದ ಹಿತವಾಗಿದೆ, ಆಧುನಿಕವಾಗಿಯೂ ಇದೆ. ಆದರೆ ಇದು ಹೊಸದಲ್ಲ. ಅರ್ಧ ಶತಮಾನದ ಹಿಂದೆ ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಇದೇ ಪ್ರಯೋಗ, ಘೋಷಣೆಯಿಲ್ಲದೆ, ನಡೆದುಹೋಗಿದೆ. ಅದರ ಫಲಿತಾಂಶವನ್ನು ತನ್ನ ಮೈಯಲ್ಲೇ ಅನುಭವಿಸಿ, ಬಳಿಕ ಸಂಸತ್ತಿನ ಸಮಿತಿಯೊಂದರ ಮುಂದೆ ಕುಳಿತು ಸಾಕ್ಷ್ಯ ನುಡಿದ ಆಟಗಾರ ಸ್ಟೀವ್ ಕೋರ್ಸನ್. ನಮ್ಮಲ್ಲಿ ಅವರ ಹೆಸರು ಬಲ್ಲವರು ವಿರಳ. ಆದರೆ ಅವರ ವೃತ್ತಿಜೀವನ ಎತ್ತಿದ ಪ್ರಶ್ನೆಗೆ ನಮ್ಮ ನೆಲದಲ್ಲೂ ಉತ್ತರ ಬಾಕಿಯಿದೆ.

ಸಾಲಿನಲ್ಲಿ ನಿಲ್ಲುವವರ ಕೆಲಸ

ಫುಟ್‌ಬಾಲ್ ಎಂದೊಡನೆ ನಮಗೆ ನೆನಪಾಗುವುದು ಕಾಲಿನಿಂದ ಒದೆಯುವ ಆಟ. ಅಮೆರಿಕನ್ನರ ಫುಟ್‌ಬಾಲ್ ಬೇರೆಯದೇ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ನೆಲದೊಳಕ್ಕೆ ಗಜ ಗಜವಾಗಿ ನುಗ್ಗುವ ಆಟ ಅದು. ಚೆಂಡು ಎಸೆಯುವವನು, ಹಿಡಿಯುವವನು, ಹಿಡಿದು ಓಡುವವನು ಖ್ಯಾತಿ ಗಳಿಸುತ್ತಾರೆ. ಅವರ ಮುಂದೆ ಗೋಡೆಯಂತೆ ನಿಲ್ಲುವವರು ಐವರು. ಮಧ್ಯದಲ್ಲಿ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅಂಚಿನಲ್ಲಿ ಇಬ್ಬರು ಟ್ಯಾಕಲ್‌ಗಳು. ಇವರೇ ‘ಲೈನ್‌ಮನ್’ಗಳು. ಚೆಂಡನ್ನು ಇವರು ಮುಟ್ಟುವುದೇ ಅಪರೂಪ. ಸೆಂಟರ್ ಮಾತ್ರ ಪ್ರತಿ ಬಾರಿಯೂ ಅದನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುತ್ತಾನೆ. ಉಳಿದಂತೆ ಎದುರಿನಿಂದ ನುಗ್ಗಿ ಬರುವ ಅಷ್ಟೇ ಭಾರದ ದೇಹವನ್ನು ಕೆಲವು ಕ್ಷಣಗಳ ಕಾಲ ತಡೆದು ನಿಲ್ಲಿಸುವುದೇ ಇವರ ಕಸುಬು. ಒಂದು ಪಂದ್ಯದಲ್ಲಿ ಇಂತಹ ಡಿಕ್ಕಿ 60–70 ಬಾರಿ ನಡೆಯುತ್ತದೆ.

ಗೆದ್ದಾಗ ಇವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಒಮ್ಮೆ ಸೋತು ಹಿಂದಿರುವವನು ನೆಲಕ್ಕುರುಳಿದರೆ ಎಲ್ಲರ ಕಣ್ಣೂ ಇವರ ಮೇಲೆ. ಸಹಜವಾಗಿಯೇ ಈ ಕಸುಬಿನಲ್ಲಿ ಉಳಿಯಲು ತೂಕ ಬೇಕು, ತೋಳ್ಬಲ ಬೇಕು. ಪಕ್ಕದವನಿಗಿಂತ ತುಸು ಹೆಚ್ಚೇ ಬೇಕು. ಏಕೆಂದರೆ ತಂಡದಲ್ಲಿನ ಸ್ಥಾನಕ್ಕೆ ಪೈಪೋಟಿ ನಡೆಸುವವನು ಎದುರಾಳಿಯಲ್ಲ, ಅದೇ ವ್ಯಾಯಾಮಶಾಲೆಯಲ್ಲಿ ಪಕ್ಕದ ಬೆಂಚಿನ ಮೇಲೆ ಭಾರ ಎತ್ತುತ್ತಿರುವ ಗೆಳೆಯ.

ಈ ಕಾರಣದಿಂದಲೇ ಲೈನ್‌ಮನ್‌ಗಳಿಗೂ ಶಕ್ತಿಸ್ಪರ್ಧೆಗಳಿಗೂ ಹತ್ತಿರದ ನಂಟು. ಕ್ಯಾಲಿಫೋರ್ನಿಯಾದಲ್ಲಿ 1977ರಲ್ಲಿ ‘ವಿಶ್ವದ ಅತಿ ಬಲಶಾಲಿ’ ಸ್ಪರ್ಧೆ ಮೊದಲ ಬಾರಿಗೆ ನಡೆದಾಗ ಭಾರ ಎತ್ತುವ ಪಟು ಬ್ರೂಸ್ ವಿಲ್ಹೆಲ್ಮ್ ಗೆದ್ದರು. ಎರಡನೆಯ ಸ್ಥಾನ ಪಡೆದ ಬಾಬ್ ಯಂಗ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಗಾರ್ಡ್. ಅವರಿದ್ದ ಕಾರ್ಡಿನಲ್ಸ್ ಸಾಲು 1975ರ 14 ಪಂದ್ಯಗಳ ಋತುವಿನಲ್ಲಿ ತನ್ನ ಚೆಂಡೆಸೆತಗಾರ ಎದುರಾಳಿಗಳ ಕೈಗೆ ಸಿಕ್ಕುಬೀಳಲು ಬಿಟ್ಟದ್ದು ಕೇವಲ 8 ಬಾರಿ. ಮರುವರ್ಷ, ಅಂದರೆ 1978ರ ಬಲಶಾಲಿ ಸ್ಪರ್ಧೆಯಲ್ಲಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಟ್ಯಾಕಲ್ ಜಾನ್ ಕೋಲ್ಬ್ ನಾಲ್ಕನೆಯವರಾದರು. ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಜಟ್ಟಿಗಳನ್ನು ಕಂಡವರಿಗೆ ಈ ಸ್ಪರ್ಧೆಯ ಸ್ವರೂಪ ಅಪರಿಚಿತವಲ್ಲ. ಇಲ್ಲಿ ಈ ಹೆಸರುಗಳನ್ನು ಹೇಳಿದ್ದು ಆ ನಂಟನ್ನು ತೋರಿಸುವುದಕ್ಕಷ್ಟೇ. ಬಲಶಾಲಿಗಳೆಲ್ಲರೂ ಮದ್ದು ನುಂಗಿದವರೆಂಬ ಅರ್ಥದಲ್ಲಿ ಅಲ್ಲ.

ಗುಲಾಬಿ ಬಣ್ಣದ ಮಾತ್ರೆಯ ಪಯಣ

ಮದ್ದು ಈ ಆಟಕ್ಕೆ ಬಂದದ್ದು ಕೂಡ ಭಾರ ಎತ್ತುವವರ ಅಂಗಳದಿಂದಲೇ. ಸೀಬಾ ಎಂಬ ಔಷಧ ಕಂಪನಿ 1958ರಲ್ಲಿ ಅಮೆರಿಕದ ಮಾರುಕಟ್ಟೆಗೆ ‘ಡಯಾನಬಾಲ್’ ಎಂಬ ಮಾತ್ರೆಯನ್ನು ಬಿಡುಗಡೆ ಮಾಡಿತು. ಅದರೊಳಗಿನ ರಾಸಾಯನಿಕದ ಹೆಸರು ಮೆಥಾಂಡಿಯನೋನ್. ಪುರುಷ ಹಾರ್ಮೋನಿನಂತೆ ವರ್ತಿಸಿ ಸ್ನಾಯು ಬೆಳೆಸುವ, ಸ್ಟೀರಾಯ್ಡ್ ವರ್ಗಕ್ಕೆ ಸೇರಿದ ವಸ್ತು ಅದು. ವೈದ್ಯ ಜಾನ್ ಝೀಗ್ಲರ್ ಅದನ್ನು ಪೆನ್ಸಿಲ್ವೇನಿಯಾ ರಾಜ್ಯದ ಯಾರ್ಕ್ ಪಟ್ಟಣದಲ್ಲಿದ್ದ ಪ್ರಖ್ಯಾತ ಭಾರ ಎತ್ತುವ ಕೇಂದ್ರದ ಪಟುಗಳಿಗೆ ಕೊಟ್ಟು ನೋಡಿದರು. ಅವರು ಸೂಚಿಸಿದ್ದು ಸಣ್ಣ ಪ್ರಮಾಣ. ಪಟುಗಳು ತಾವಾಗಿಯೇ ಅದನ್ನು ಹಲವು ಪಟ್ಟು ಏರಿಸಿಕೊಂಡರು. ಝೀಗ್ಲರ್ ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ಈ ಅಧ್ಯಾಯದ ಬಗ್ಗೆ ತೀವ್ರ ಪಶ್ಚಾತ್ತಾಪ ಪಟ್ಟರು. ‘ವೈದ್ಯರ ಮೇಲ್ವಿಚಾರಣೆ ಇದ್ದರೆ ಸಾಕು’ ಎನ್ನುವವರು ಮರೆಯಬಾರದ ಸಂಗತಿಯಿದು. ಮೊದಲ ಪ್ರಯೋಗವೇ ವೈದ್ಯರ ಮೇಲ್ವಿಚಾರಣೆಯಲ್ಲಿ ಆರಂಭವಾಗಿತ್ತು, ಮತ್ತು ವೈದ್ಯರ ಕೈಮೀರಿ ಹೋಯಿತು.

ಅಲ್ಲಿಂದ ಫುಟ್‌ಬಾಲ್ ಮೈದಾನಕ್ಕೆ ದೂರವೇನಿರಲಿಲ್ಲ. ಅಮೆರಿಕದ ಭಾರ ಎತ್ತುವ ತಂಡದೊಂದಿಗೆ ಕೆಲಸ ಮಾಡಿದ್ದ ಆಲ್ವಿನ್ ರಾಯ್ 1963ರಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡದ ಶಕ್ತಿ ತರಬೇತುದಾರರಾಗಿ ಸೇರಿದರು. ಆ ವರ್ಷದ ತರಬೇತಿ ಶಿಬಿರದಲ್ಲಿ ಊಟದ ಮೇಜಿನ ಮೇಲೆ ಗುಲಾಬಿ ಬಣ್ಣದ ಮಾತ್ರೆಗಳನ್ನು ಇಡಲಾಗುತ್ತಿತ್ತು ಎಂಬುದನ್ನು ರಾನ್ ಮಿಕ್ಸ್ ಸೇರಿದಂತೆ ಅಂದಿನ ಆಟಗಾರರೇ ಮುಂದೆ ವಿವರಿಸಿದರು. ತಿನ್ನುವ ಪ್ರೋಟೀನು ಮೈಗೆ ಹತ್ತಲು ಇದು ಸಹಾಯಕ ಎಂಬುದಷ್ಟೇ ಅವರಿಗೆ ದೊರೆತ ವಿವರಣೆ. ತಂಡ ಅದೇ ಋತುವಿನ ಅಂತಿಮ ಪಂದ್ಯದಲ್ಲಿ ಬಾಸ್ಟನ್ ತಂಡವನ್ನು 51–10ರಿಂದ ಮಣಿಸಿ ಪ್ರಶಸ್ತಿ ಗೆದ್ದಿತು. ಗೆಲುವಿನ ಕಾರಣ ಮಾತ್ರೆಯೇ ಎಂದು ಹೇಳಲಾಗದು. ಆದರೆ ಗೆದ್ದ ತಂಡದ ಅಭ್ಯಾಸ ಉಳಿದ ತಂಡಗಳಿಗೆ ಮಾದರಿಯಾಗುವುದನ್ನು ಯಾರೂ ತಡೆಯಲಾರರು.

ಗೆಟಿಸ್‌ಬರ್ಗ್‌ನ ಹುಡುಗ

ಯಾರ್ಕ್ ಪಟ್ಟಣಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿದೆ ಗೆಟಿಸ್‌ಬರ್ಗ್, ಅಮೆರಿಕದ ಅಂತರ್ಯುದ್ಧದ ಇತಿಹಾಸ ಓದಿದವರಿಗೆ ಚಿರಪರಿಚಿತ ಊರು. 1955ರಲ್ಲಿ ಜನಿಸಿದ ಸ್ಟೀವ್ ಕೋರ್ಸನ್ ಬೆಳೆದದ್ದು ಅಲ್ಲಿ. ಸೌತ್ ಕರೋಲಿನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಿದ್ದ ಕಾಲದಲ್ಲಿಯೇ, ಹದಿಹರೆಯ ದಾಟುವ ಮೊದಲೇ, ಅವರು ಸ್ಟೀರಾಯ್ಡ್ ಸೇವನೆ ಆರಂಭಿಸಿದರು. 1977ರಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಐದನೆಯ ಸುತ್ತಿನಲ್ಲಿ ಅವರನ್ನು ಆರಿಸಿಕೊಂಡಿತು.

ಅದು ಸಾಮಾನ್ಯ ತಂಡವಾಗಿರಲಿಲ್ಲ. 1970ರ ದಶಕದಲ್ಲಿ ನಾಲ್ಕು ಬಾರಿ ‘ಸೂಪರ್ ಬೌಲ್’ ಗೆದ್ದ, ಉಕ್ಕಿನ ಕಾರ್ಖಾನೆಗಳ ನಗರದ ಹೆಮ್ಮೆಯ ತಂಡ. ಅದರ ಲೈನ್‌ಮನ್‌ಗಳು ಪಿಟ್ಸ್‌ಬರ್ಗ್ ಹೊರವಲಯದ ಮೆಕ್‌ಮರ್ರೆ ಎಂಬಲ್ಲಿನ ಹೋಟೆಲೊಂದರ ನೆಲಮಾಳಿಗೆಯಲ್ಲಿ ಭಾರ ಎತ್ತುತ್ತಿದ್ದರು. ಜಾನ್ ಕೋಲ್ಬ್, ಮೈಕ್ ವೆಬ್‌ಸ್ಟರ್ ಮುಂತಾದವರ ಜತೆ ಕೋರ್ಸನ್ ಕೂಡ ಅಲ್ಲಿನ ಕಾಯಂ ಸದಸ್ಯ. ಬೆಂಚಿನ ಮೇಲೆ ಅಂಗಾತ ಮಲಗಿ 600 ಪೌಂಡಿನ, ಎಂದರೆ ಸುಮಾರು 270 ಕಿಲೋ ಭಾರದ, ಆಸುಪಾಸು ಎತ್ತಬಲ್ಲವರೆಂಬ ಖ್ಯಾತಿ ಅವರದು. ಬಲಶಾಲಿಗಳೇ ತುಂಬಿದ್ದ ತಂಡದಲ್ಲಿಯೂ ಅತಿ ಬಲಶಾಲಿಗಳ ಸಾಲಿನಲ್ಲಿ ಅವರ ಹೆಸರಿತ್ತು. 1979 ಮತ್ತು 1980ರ ಜನವರಿಗಳಲ್ಲಿ ಸ್ಟೀಲರ್ಸ್ ಸತತವಾಗಿ ಸೂಪರ್ ಬೌಲ್ ಗೆದ್ದಾಗ ಕೋರ್ಸನ್ ಬೆರಳಿಗೂ ಎರಡು ಉಂಗುರಗಳು ಬಂದವು. 1984ರಲ್ಲಿ ಅವರು ಟ್ಯಾಂಪಾ ಬೇ ಬುಕನೀರ್ಸ್ ತಂಡಕ್ಕೆ ಹೋದರು.

ಇಲ್ಲಿಯ ತನಕ ಇದು ಯಶಸ್ಸಿನ ಕಥೆ. ಮುಂದಿನದು ಬೇರೆ.

ಬಾಯಿಬಿಟ್ಟವನ ಪಾಡು

1985ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆ ಸ್ಟೀರಾಯ್ಡ್ ಕುರಿತು ವಿಸ್ತೃತ ವರದಿ ಪ್ರಕಟಿಸಿತು. ಅದರಲ್ಲಿ ಕೋರ್ಸನ್ ತಮ್ಮ ಸೇವನೆಯನ್ನು ಹೆಸರು ಸಹಿತ ಒಪ್ಪಿಕೊಂಡರು. ಇನ್ನೂ ಆಡುತ್ತಿದ್ದ ಆಟಗಾರನೊಬ್ಬ ಹೀಗೆ ಮಾತನಾಡುವುದು ಆಗ ಊಹಿಸಲೂ ಆಗದ ಸಂಗತಿಯಾಗಿತ್ತು. ತಾನು ನಿರಪರಾಧಿ ಎಂದು ಅವರು ಹೇಳಿಕೊಳ್ಳಲಿಲ್ಲ. ಯಾರೋ ಮೋಸ ಮಾಡಿದರು ಎಂದೂ ದೂರಲಿಲ್ಲ. ತಾನು ಸೇವಿಸಿದ್ದೇನೆ, ಸಾಲಿನಲ್ಲಿ ನಿಲ್ಲುವ ಅನೇಕರು ಸೇವಿಸುತ್ತಾರೆ, ಇದು ಒಬ್ಬಿಬ್ಬರ ಚಟವಲ್ಲ, ಕಸುಬಿನ ಪದ್ಧತಿಯಾಗಿದೆ ಎಂಬುದು ಅವರ ಮಾತಿನ ತಿರುಳು.

ಮರುವರ್ಷ ತಂಡ ಅವರನ್ನು ಕೈಬಿಟ್ಟಿತು. ಆಟಗಾರನ ವೃತ್ತಿಜೀವನ ಅಲ್ಲಿಗೆ ಮುಗಿಯಿತು. ಮಾತನಾಡಿದ್ದಕ್ಕೇ ಶಿಕ್ಷೆಯಾಯಿತು ಎಂದು ಸಾಬೀತುಪಡಿಸುವುದು ಕಷ್ಟ. ಮೂವತ್ತರ ವಯಸ್ಸಿನ ಲೈನ್‌ಮನ್‌ನನ್ನು ಕೈಬಿಡಲು ತಂಡಕ್ಕೆ ನೂರು ಕಾರಣಗಳಿರುತ್ತವೆ. ಆದರೆ ಡ್ರೆಸಿಂಗ್ ಕೋಣೆಯಲ್ಲಿದ್ದ ಉಳಿದವರು ಯಾವ ಪಾಠ ಕಲಿತಿರಬಹುದು ಎಂಬುದನ್ನು ಊಹಿಸಲು ಸಾಕ್ಷ್ಯ ಬೇಕಿಲ್ಲ.

ಲೀಗ್ ಎಚ್ಚೆತ್ತುಕೊಂಡದ್ದು ನಿಧಾನವಾಗಿ. 1987ರಲ್ಲಿ ಪರೀಕ್ಷೆ ಆರಂಭವಾಯಿತು, ಆಗಲೂ ಶಿಕ್ಷೆ ಇರಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಟಗಾರ ಬೆನ್ ಜಾನ್ಸನ್ ಸಿಕ್ಕಿಬಿದ್ದು ಜಗತ್ತೇ ಬೆಚ್ಚಿದ ಬಳಿಕ, 1989ರಲ್ಲಿ ಅಮಾನತು ಜಾರಿಗೆ ಬಂತು. 1990ರಲ್ಲಿ ವರ್ಷವಿಡೀ ಅನಿರೀಕ್ಷಿತ ಪರೀಕ್ಷೆ ಶುರುವಾಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಸ್ಟೀರಾಯ್ಡ್‌ಗಳನ್ನು ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಒಲಿಂಪಿಕ್ ಕೂಟದಲ್ಲಿ 1976ರ ಮಾಂಟ್ರಿಯಲ್‌ನಿಂದಲೇ ಈ ಪರೀಕ್ಷೆ ನಡೆಯುತ್ತಿತ್ತು ಎಂಬುದನ್ನು ಗಮನಿಸಿದರೆ ಲೀಗ್‌ನ ವಿಳಂಬದ ಪ್ರಮಾಣ ಅರಿವಾಗುತ್ತದೆ. ಕೋರ್ಸನ್ ಅವರ ಇಡೀ ವೃತ್ತಿಜೀವನ ಆ ವಿಳಂಬದ ಒಳಗೇ ಹುಟ್ಟಿ, ಅದರೊಳಗೇ ಮುಗಿದುಹೋಗಿತ್ತು.

ಹೃದಯ ಕೇಳಿದ ಲೆಕ್ಕ

1988ರಲ್ಲಿ, 33ನೆಯ ವಯಸ್ಸಿನಲ್ಲಿ, ಕೋರ್ಸನ್ ಅವರ ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗಿರುವುದು ಪತ್ತೆಯಾಯಿತು. ರಕ್ತವನ್ನು ಸಾಕಷ್ಟು ಒತ್ತಡದಿಂದ ತಳ್ಳಲಾಗದ ಸ್ಥಿತಿ ಅದು. 270 ಕಿಲೋ ಎತ್ತುತ್ತಿದ್ದ ಮನುಷ್ಯ ಬದಲಿ ಹೃದಯಕ್ಕಾಗಿ ಕಾಯುವವರ ಪಟ್ಟಿ ಸೇರಿದರು. 1991ರಲ್ಲಿ ತಮ್ಮ ಅನುಭವವನ್ನು ‘ಫಾಲ್ಸ್ ಗ್ಲೋರಿ’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಬಳಿಕ ಆಹಾರ ನಿಯಂತ್ರಣ, ಹಿತಮಿತ ವ್ಯಾಯಾಮ, ಔಷಧಗಳಿಂದ ಚೇತರಿಸಿಕೊಂಡರು. ಕೊನೆಗೆ ಬದಲಿ ಹೃದಯದ ಅಗತ್ಯವೇ ಬೀಳಲಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೃದಯ ಕೆಟ್ಟದ್ದು ಸ್ಟೀರಾಯ್ಡ್‌ನಿಂದಲೇ ಎಂದು ಬೆರಳು ಮಾಡಿ ಹೇಳುವುದು ವೈದ್ಯಕೀಯವಾಗಿ ಸುಲಭವಲ್ಲ. ಕೋರ್ಸನ್ ಬದುಕಿನಲ್ಲಿ ಮದ್ಯದ ಸಮಸ್ಯೆಯೂ ಇತ್ತು. ಭಾರೀ ದೇಹತೂಕವೂ ಇತ್ತು. ಇದೇ ಕಾಲದ ಇನ್ನೊಬ್ಬ ಲೈನ್‌ಮನ್ ಲೈಲ್ ಅಲ್ಜಾಡೊ 1991ರಲ್ಲಿ ತಮ್ಮ ಮೆದುಳಿನ ಗಡ್ಡೆಗೆ ಸ್ಟೀರಾಯ್ಡ್ ಕಾರಣವೆಂದು ಸಾರಿ, ಮರುವರ್ಷ 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಆ ಸಂಬಂಧವನ್ನು ವೈದ್ಯರು ಒಪ್ಪಿರಲಿಲ್ಲ. ಉತ್ಪ್ರೇಕ್ಷೆಯ ಎಚ್ಚರಿಕೆ ಸುಳ್ಳೆಂದು ಗೊತ್ತಾದ ದಿನ ನಿಜವಾದ ಎಚ್ಚರಿಕೆಯನ್ನೂ ಯುವಕರು ನಂಬುವುದಿಲ್ಲ.

ಹೃದಯದ ಮಟ್ಟಿಗೆ ಮಾತ್ರ ಈಗ ಚಿತ್ರ ಹೆಚ್ಚು ಸ್ಪಷ್ಟ. 2017ರಲ್ಲಿ ‘ಸರ್ಕ್ಯುಲೇಷನ್’ ಎಂಬ ಹೃದಯವಿಜ್ಞಾನ ನಿಯತಕಾಲಿಕೆಯಲ್ಲಿ ಪ್ರಕಟವಾದ ಅಧ್ಯಯನ 140 ಮಂದಿ ಅನುಭವಿ ಭಾರ ಎತ್ತುವವರನ್ನು ಪರೀಕ್ಷಿಸಿತು. ಅವರಲ್ಲಿ 86 ಮಂದಿ ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದ್ದವರು, 54 ಮಂದಿ ಸೇವಿಸದವರು. ಹೃದಯದ ಎಡ ಕೋಣೆ ಒಂದು ಬಡಿತಕ್ಕೆ ತನ್ನಲ್ಲಿನ ರಕ್ತದ ಎಷ್ಟು ಭಾಗವನ್ನು ಹೊರತಳ್ಳುತ್ತದೆ ಎಂಬ ಅಳತೆ ಸೇವಿಸದವರಲ್ಲಿ ಸರಾಸರಿ ಶೇ. 63 ಇದ್ದರೆ ಸೇವಿಸಿದವರಲ್ಲಿ ಶೇ. 52. ಇಬ್ಬರೂ ಒಂದೇ ರೀತಿಯ ಭಾರ ಎತ್ತುವವರು ಎಂಬುದೇ ಇಲ್ಲಿ ಮುಖ್ಯ. ಕಬ್ಬಿಣ ಎತ್ತಿದ್ದರಿಂದ ಮಾತ್ರ ಹೃದಯ ಸೋತದ್ದಲ್ಲ.

ಬಿಲ್ಲು ಯಾರ ಹೆಸರಿಗೆ?

ಆರೋಗ್ಯ ಕೆಟ್ಟ ಮೇಲೆ ಕೋರ್ಸನ್ ಲೀಗ್‌ನ ನಿವೃತ್ತ ಆಟಗಾರರ ಪಿಂಚಣಿ ನಿಧಿಯ ಬಾಗಿಲು ತಟ್ಟಿದರು. ಆಟದ ಕಾರಣದಿಂದಲೇ ತಾನು ಸಂಪೂರ್ಣ ಅಶಕ್ತನಾಗಿದ್ದೇನೆ ಎಂಬುದು ಅವರ ವಾದ. ನಿಧಿಯ ಮಂಡಳಿ ಅದನ್ನು ಒಪ್ಪಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 2000ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೂ ಮಂಡಳಿಯ ತೀರ್ಮಾನವನ್ನೇ ಎತ್ತಿಹಿಡಿಯಿತು.

‘ಮಾಡಿದ್ದುಣ್ಣೋ ಮಹರಾಯ’ ಎಂದು ನಮ್ಮಲ್ಲಿ ಒಂದು ಮಾತಿದೆ. ಮೇಲ್ನೋಟಕ್ಕೆ ಇಲ್ಲಿಯೂ ಅದೇ ನ್ಯಾಯ. ನುಂಗಿದವನು ಅವನು, ಅನುಭವಿಸಬೇಕಾದವನೂ ಅವನೇ. ಆದರೆ ಮಾಡಿದ್ದು ಅವನೊಬ್ಬನೇ ಆಗಿದ್ದರೆ ಮಾತ್ರ ಈ ಗಾದೆ ಪೂರ್ತಿ ಸಲ್ಲುತ್ತದೆ. ಅವನ ತೋಳ್ಬಲದಿಂದ ಗೆದ್ದ ಪ್ರಶಸ್ತಿ ತಂಡದ ಕಪಾಟಿನಲ್ಲಿದೆ. ಮಾರಾಟವಾದ ಟಿಕೆಟ್ಟು, ಟಿವಿ ಹಕ್ಕಿನ ಹಣ ಲೀಗ್‌ನ ಖಜಾನೆಯಲ್ಲಿದೆ. ಲಾಭ ಹಂಚಿಕೊಳ್ಳುವಾಗ ಸಂಸ್ಥೆ ಎನ್ನುವುದು, ನಷ್ಟ ಬಂದಾಗ ಮಾತ್ರ ವ್ಯಕ್ತಿ ಎನ್ನುವುದು ಯಾವ ಲೆಕ್ಕ?

ಅವರದೇ ತಂಡದ ಸೆಂಟರ್ ಮೈಕ್ ವೆಬ್‌ಸ್ಟರ್ ಪ್ರಕರಣ ಇದಕ್ಕೆ ಕನ್ನಡಿ ಹಿಡಿಯುತ್ತದೆ. 2002ರಲ್ಲಿ 50ನೆಯ ವಯಸ್ಸಿಗೆ ವೆಬ್‌ಸ್ಟರ್ ತೀರಿಕೊಂಡಾಗ ಅವರ ಮೆದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ತಲೆಗೆ ಪದೇ ಪದೇ ಬಿದ್ದ ಪೆಟ್ಟಿನಿಂದ ಮೆದುಳು ಕ್ಷಯಿಸಿದ್ದನ್ನು ಕಂಡರು. ಆ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಅಂಗವೈಕಲ್ಯ ಪರಿಹಾರದ ವ್ಯಾಜ್ಯದಲ್ಲಿ ವೆಬ್‌ಸ್ಟರ್ ಕುಟುಂಬ 2006ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಗೆದ್ದಿತು. ಮುಂದೆ ಸಾವಿರಾರು ಮಾಜಿ ಆಟಗಾರರ ಮೊಕದ್ದಮೆಗಳು ಸೇರಿ ಲೀಗ್ ದೊಡ್ಡ ಮೊತ್ತದ ರಾಜಿಗೆ ಒಪ್ಪಬೇಕಾಯಿತು. ತಲೆಗೆ ಬಿದ್ದ ಪೆಟ್ಟು ಕೊನೆಗೂ ‘ಆಟದ ಗಾಯ’ ಎನಿಸಿತು. ಸ್ಥಾನ ಉಳಿಸಿಕೊಳ್ಳಲು ನುಂಗಿದ ಮಾತ್ರೆ ಮಾತ್ರ ಕೊನೆಯವರೆಗೂ ‘ಸ್ವಂತ ತಪ್ಪು’ ಆಗಿಯೇ ಉಳಿಯಿತು. ಎರಡರ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ. ಒಂದನ್ನು ಆಟದ ನಿಯಮವೇ ಬೇಡುತ್ತದೆ. ಇನ್ನೊಂದನ್ನು ನಿಯಮ ಕಂಡೂ ಕಾಣದಂತೆ ಬಿಟ್ಟಿತ್ತು. ಕಂಡೂ ಕಾಣದಿರುವುದಕ್ಕೂ ಒಂದು ಪಾಲು ಹೊಣೆ ಇರಬೇಡವೇ?

ಆಯ್ಕೆ ಎಂಬ ಮಾತಿನ ಒಳಗೆ

2005ರ ಏಪ್ರಿಲ್ 27ರಂದು ಅಮೆರಿಕದ ಕೆಳಮನೆಯ ಸಮಿತಿಯೊಂದು ಫುಟ್‌ಬಾಲ್‌ನಲ್ಲಿನ ಸ್ಟೀರಾಯ್ಡ್ ಬಗ್ಗೆ ವಿಚಾರಣೆ ನಡೆಸಿತು. ಲೀಗ್‌ನ ಮುಖ್ಯಸ್ಥ ಪಾಲ್ ಟ್ಯಾಗ್ಲಿಯಾಬು, ಆಟಗಾರರ ಸಂಘದ ಜೀನ್ ಅಪ್‌ಶಾ ತಮ್ಮ ವ್ಯವಸ್ಥೆಯನ್ನು ಸಮರ್ಥಿಸಿಕೊಂಡರು. ಕೋರ್ಸನ್ ಕೂಡ ಅಂದು ಸಾಕ್ಷಿಯಾಗಿ ಹಾಜರಿದ್ದರು. ಅಷ್ಟರಲ್ಲಿ ಅವರು ಶಾಲಾ ಮಕ್ಕಳಿಗೆ ಮದ್ದಿನ ಅಪಾಯ ತಿಳಿಸುತ್ತಾ ಊರೂರು ತಿರುಗಿದ್ದರು. ಅದೇ ವರ್ಷ ನವೆಂಬರ್ 10ರಂದು ಪೆನ್ಸಿಲ್ವೇನಿಯಾದ ತಮ್ಮ ಮನೆಯ ಬಳಿ ಮರ ಕಡಿಯುತ್ತಿದ್ದಾಗ ಅದು ಮೈಮೇಲೆ ಬಿದ್ದು ಅಸುನೀಗಿದರು. ಅವರಿಗಾಗ 50 ವರ್ಷ. ಸಾವಿಗೂ ಮದ್ದಿಗೂ ಸಂಬಂಧವಿರಲಿಲ್ಲ.

ಅವರ ಬದುಕನ್ನು ಎದುರಿಗಿಟ್ಟುಕೊಂಡು ‘ಸ್ವಂತ ಆಯ್ಕೆ’ಯ ವಾದವನ್ನು ತೂಗಿ ನೋಡಬೇಕು. ಒಬ್ಬ ವಯಸ್ಕ ತನ್ನ ಕೋಣೆಯಲ್ಲಿ ಕುಳಿತು ತನ್ನ ದೇಹದ ಬಗ್ಗೆ ಕೈಗೊಳ್ಳುವ ನಿರ್ಧಾರ ಅವನೊಬ್ಬನದು. ಆದರೆ ಸ್ಪರ್ಧೆ ಎಂಬುದು ಒಬ್ಬನ ಕೋಣೆಯಲ್ಲ. ಅಲ್ಲಿ ನನ್ನ ಆಯ್ಕೆ ನಿನ್ನ ಆಯ್ಕೆಯನ್ನು ಬದಲಿಸುತ್ತದೆ. ಪಕ್ಕದ ಬೆಂಚಿನವನು ನುಂಗಿದ ದಿನ ನನ್ನ ಮುಂದೆ ಉಳಿಯುವುದು ಎರಡೇ ದಾರಿ: ನಾನೂ ನುಂಗಬೇಕು, ಇಲ್ಲವೇ ಕೆಲಸ ಬಿಡಬೇಕು. ಎಲ್ಲರೂ ನುಂಗಿದ ಮೇಲೆ ಯಾರಿಗೂ ಮೇಲುಗೈ ಇಲ್ಲ. ಸ್ಪರ್ಧೆ ಮೊದಲಿದ್ದಲ್ಲಿಯೇ ನಿಂತಿರುತ್ತದೆ, ಕೆಟ್ಟ ಹೃದಯಗಳ ಸಂಖ್ಯೆ ಮಾತ್ರ ಹೆಚ್ಚಿರುತ್ತದೆ. ಮದ್ದಿನ ನಿಷೇಧ ಸೇವಿಸುವವನ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎಂಬುದು ನಿಜ. ಆದರೆ ಅದು ಸೇವಿಸಲೊಲ್ಲದವನ ಸ್ವಾತಂತ್ರ್ಯವನ್ನು ಕಾಯುತ್ತದೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಲು ಸಾಧ್ಯವಿರುವಾಗ ಎರಡನೆಯದನ್ನು ಆರಿಸುವುದೇ ವಿವೇಕ.

ಪೈಪೋಟಿ ದೇಹಗಳನ್ನು ಎತ್ತ ತಳ್ಳುತ್ತದೆ ಎಂಬುದಕ್ಕೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕಲೆಹಾಕಿದ ಅಂಕಿಗಳು ಉದಾಹರಣೆ. 1970ರಲ್ಲಿ ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ 300 ಪೌಂಡ್, ಅಂದರೆ 136 ಕಿಲೋ, ತಲುಪಿದ ಆಟಗಾರ ಒಬ್ಬನೇ. 1990ರಲ್ಲಿ 94 ಮಂದಿ. 2009ರಲ್ಲಿ 394 ಮಂದಿ. ಪರೀಕ್ಷೆ ಬಿಗಿಯಾದ ಬಳಿಕವೂ ಈ ಸಂಖ್ಯೆ ಏರಿರುವುದರಿಂದ ಇದಕ್ಕೆ ಮದ್ದೊಂದೇ ಕಾರಣವೆನ್ನಲಾಗದು. ಆಹಾರ, ತರಬೇತಿ, ಆಟದ ನಿಯಮಗಳ ಬದಲಾವಣೆಯೂ ಸೇರಿವೆ. ಆದರೆ ನಿಯಮ ಒಂದು ಗೆರೆ ಎಳೆಯದಿದ್ದರೆ ಸ್ಪರ್ಧೆ ತಾನಾಗಿ ಎಲ್ಲಿಯೂ ನಿಲ್ಲುವುದಿಲ್ಲ ಎಂಬುದನ್ನು ಈ ಅಂಕಿಗಳು ಹೇಳುತ್ತವೆ. ಲೀಗ್‌ನಲ್ಲಿ ಬೆಳವಣಿಗೆ ಹಾರ್ಮೋನಿನ ಪರೀಕ್ಷೆ ಜಾರಿಗೆ ಬಂದದ್ದು 2014ರಲ್ಲಿ, ಕೋರ್ಸನ್ ಸಾಕ್ಷ್ಯ ನುಡಿದ ಒಂಬತ್ತು ವರ್ಷಗಳ ಮೇಲೆ.

ನಮ್ಮ ಮನೆಯ ಮಾತು

ಇದು ದೂರದ ಅಮೆರಿಕದ ರೋಗ ಎಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಯಾರ್ಕ್ ಪಟ್ಟಣದಲ್ಲಿ ಪ್ರಯೋಗಕ್ಕೊಳಗಾದ ಅದೇ ಮೆಥಾಂಡಿಯನೋನ್ 2011ರಲ್ಲಿ ಭಾರತದ ಮಹಿಳಾ ರಿಲೇ ಓಟಗಾರ್ತಿಯರ ಪ್ರಕರಣದಲ್ಲಿ ಮುಖ್ಯವಾಗಿ ಕೇಳಿಬಂದ ಹೆಸರು. ಆ ತಂಡದಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದರು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ ಎರಡರಲ್ಲಿಯೂ ಚಿನ್ನ ಗೆದ್ದು ಕನ್ನಡಿಗರು ಹೆಮ್ಮೆಪಟ್ಟ ಓಟಗಾರ್ತಿ ಅವರು. ತರಬೇತುದಾರರು ತರಿಸಿಕೊಟ್ಟ ಜಿನ್ಸೆಂಗ್ ಪೂರಕದ ಮೂಲಕ ಮದ್ದು ಮೈ ಸೇರಿತು ಎಂಬುದು ಓಟಗಾರ್ತಿಯರ ವಾದವಾಗಿತ್ತು. ಉಕ್ರೇನ್ ಮೂಲದ ತರಬೇತುದಾರ ಯೂರಿ ಒಗರೊಡ್ನಿಕ್ ಅವರನ್ನು ತೆಗೆದುಹಾಕಲಾಯಿತು. ದೇಶದೊಳಗೆ ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಅವರ ಕೈತಪ್ಪಿತು.

ಕೋರ್ಸನ್ ತಿಳಿದೂ ನುಂಗಿದವರು. ಈ ಓಟಗಾರ್ತಿಯರ ಸ್ಥಿತಿ ಬೇರೆ. ಆದರೆ ಎರಡರಲ್ಲಿಯೂ ಒಂದು ಸಮಾನ ಅಂಶವಿದೆ. ಹೆಸರು, ವರ್ಷ, ಪದಕ ಕಳೆದುಕೊಂಡದ್ದು ಮೈದಾನದಲ್ಲಿ ಇಳಿದವರು. ಅವರ ಸುತ್ತ ಇದ್ದ ತರಬೇತಿ ವ್ಯವಸ್ಥೆ, ಪೂರಕ ಕೊಂಡುತರುವ ಪದ್ಧತಿ, ಪದಕದ ಹೊರತು ಬೇರೇನನ್ನೂ ಕೇಳದ ಅಧಿಕಾರಿವರ್ಗ ಇವುಗಳ ಮೇಲೆ ಬಿದ್ದ ಬೆಳಕು ಅತ್ಯಲ್ಪ.

ವಾಡಾದ 2024ರ ಅಂಕಿಅಂಶಗಳ ಪ್ರಕಾರ ಭಾರತದಲ್ಲಿ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ವಸ್ತು ಪತ್ತೆಯಾಯಿತು. ಶೇಕಡಾವಾರು 3.6. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ಇದೇ ಅತಿ ಹೆಚ್ಚು. ಪರೀಕ್ಷೆ ಹೆಚ್ಚಿದರೆ ಪತ್ತೆಯೂ ಹೆಚ್ಚುತ್ತದೆ ಎಂಬ ಸಮರ್ಥನೆ ಸಂಖ್ಯೆಗೆ ಒಪ್ಪಬಹುದು, ಶೇಕಡಾವಾರು ಪ್ರಮಾಣಕ್ಕೆ ಒಪ್ಪದು. 2022ರಲ್ಲಿ ದೇಶಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಬಂದಿದೆ. ಕಾಯ್ದೆ ಇದ್ದೂ ಈ ಅಂಕಿ ಇರುವುದು ಕಾಯ್ದೆಯೊಂದೇ ಸಾಲದು ಎಂಬುದರ ಸೂಚನೆ.

ಇದಕ್ಕಿಂತ ಗಂಭೀರವಾದದ್ದು ಯಾವ ಪರೀಕ್ಷೆಯ ಲೆಕ್ಕಕ್ಕೂ ಸಿಗದ ನಮ್ಮ ನಗರಗಳ ಜಿಮ್‌ಗಳ ಲೋಕ. ಅಲ್ಲಿ ಪದಕದ ಆಸೆಯೂ ಇಲ್ಲ, ಪಂದ್ಯವೂ ಇಲ್ಲ. ಕನ್ನಡಿಯೇ ಎದುರಾಳಿ. ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧ ಪ್ರೋಟೀನ್ ಪುಡಿಯ ಡಬ್ಬಿಯ ಪಕ್ಕದಿಂದ ಕೈಗೆ ಬರುವಾಗ ಅದನ್ನು ಕೊಡುವವನು ವೈದ್ಯನಲ್ಲ, ತುಸು ದೊಡ್ಡ ತೋಳಿನ ಇನ್ನೊಬ್ಬ ಯುವಕ. ನಮ್ಮ ಗರಡಿಮನೆಗಳಲ್ಲಿ ಉಸ್ತಾದರು ಮೈ ಬೆಳೆಸುವ ಮೊದಲು ಮಿತಿ ಕಲಿಸುತ್ತಿದ್ದರು. ಆ ಮಿತಿ ಹೇಳುವವರು ಇಂದಿನ ಜಿಮ್‌ಗಳಲ್ಲಿ ಯಾರು ಎಂಬ ಪ್ರಶ್ನೆಗೆ ಉತ್ತರ ಸುಲಭವಿಲ್ಲ.

ಆಗಬೇಕಾದದ್ದೇನು?

ಮೊದಲನೆಯದಾಗಿ, ಶಿಕ್ಷೆಯ ಸರಪಳಿ ಕ್ರೀಡಾಪಟುವಿನಲ್ಲಿ ಆರಂಭವಾಗಿ ಅವನಲ್ಲೇ ಮುಗಿಯಬಾರದು. ಮದ್ದು ಪತ್ತೆಯಾದ ಪ್ರತಿಯೊಂದು ಪ್ರಕರಣದಲ್ಲಿ ಅದು ಎಲ್ಲಿಂದ ಬಂತು, ಯಾರು ತಂದರು, ಯಾರು ಸುಮ್ಮನಿದ್ದರು ಎಂಬ ತನಿಖೆ ಕಡ್ಡಾಯವಾಗಬೇಕು. ತಂಡದಲ್ಲಿ ಒಬ್ಬರ ಹಿಂದೆ ಒಬ್ಬರು ಸಿಕ್ಕಿಬಿದ್ದರೆ ಅದು ವ್ಯಕ್ತಿಯ ದೋಷವಲ್ಲ, ವ್ಯವಸ್ಥೆಯ ಲಕ್ಷಣ.

ಎರಡನೆಯದಾಗಿ, ಬಾಯಿಬಿಡುವವರಿಗೆ ರಕ್ಷಣೆ ಬೇಕು. 1985ರಲ್ಲಿ ಕೋರ್ಸನ್ ಮಾತನಾಡಿದಾಗ ಕೇಳಿಸಿಕೊಳ್ಳುವ ಕಿವಿಯಿದ್ದಿದ್ದರೆ ಲೀಗ್‌ಗೆ ಹಲವು ವರ್ಷಗಳು ಉಳಿಯುತ್ತಿದ್ದವು, ಯಾರೋ ಕೆಲವರ ಹೃದಯವೂ ಉಳಿಯುತ್ತಿತ್ತೇನೋ. ಒಪ್ಪಿಕೊಂಡವನಿಗೆ ನೀಡುವ ಶಿಕ್ಷೆ ಬಚ್ಚಿಟ್ಟವನಿಗಿಂತ ಹೆಚ್ಚಾದರೆ ಮೌನವೇ ಜಾಣತನವಾಗುತ್ತದೆ.

ಮೂರನೆಯದಾಗಿ, ಆಟ ಮುಗಿದ ಮೇಲಿನ ಆರೋಗ್ಯ ಆಟದ ವ್ಯವಸ್ಥೆಯ ಹೊಣೆಯಾಗಬೇಕು. ಪದಕ ತಂದ ದಿನ ವಿಮಾನ ನಿಲ್ದಾಣಕ್ಕೆ ಹಾರ ಹಿಡಿದು ಹೋಗುವ ಸರಕಾರ ಮತ್ತು ಸಂಘಗಳು, ಅದೇ ಕ್ರೀಡಾಪಟು ನಲವತ್ತು ದಾಟಿದ ಮೇಲೆ ಅವರ ರಕ್ತದೊತ್ತಡ, ಹೃದಯ, ಮೂಳೆ ಹೇಗಿದೆ ಎಂದು ವಿಚಾರಿಸುವ ಏರ್ಪಾಡನ್ನೂ ಹೊಂದಿರಬೇಕು. ಮದ್ದು ಸೇವಿಸಿ ತಪ್ಪು ಮಾಡಿದವರಿಗೂ ಆ ಬಾಗಿಲು ತೆರೆದಿರಬೇಕು. ಚಿಕಿತ್ಸೆ ಎಂಬುದು ಬಹುಮಾನವಲ್ಲ.

ಮದ್ದಿನ ಕ್ರೀಡಾಕೂಟದ ಸಂಘಟಕರು ದಾಖಲೆಗೆ ಬೆಲೆ ಕಟ್ಟಿದ್ದಾರೆ. ಅದು ಪ್ರಾಮಾಣಿಕ ವ್ಯಾಪಾರವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಒಪ್ಪಂದದ ಇನ್ನೊಂದು ಪುಟವನ್ನೂ ಅವರು ತೋರಿಸಬೇಕು: ಸ್ಪರ್ಧಿಗೆ 33 ತುಂಬುವ ಹೊತ್ತಿಗೆ ಹೃದಯ ಹಿಗ್ಗಿದರೆ ಆಸ್ಪತ್ರೆಯ ಬಿಲ್ಲು ಯಾರ ಹೆಸರಿಗೆ ಬರುತ್ತದೆ? ಆ ಪುಟ ಖಾಲಿಯಿದ್ದಷ್ಟು ಕಾಲ ಅಲ್ಲಿ ಮಾರಾಟವಾಗುತ್ತಿರುವುದು ಸ್ವಾತಂತ್ರ್ಯವಲ್ಲ, ಬೇರೊಬ್ಬರ ಆಯಸ್ಸು.